ಸ್ರವಿಸುವ ನರಕೋಶ, ಸಂಬಳವಿಲ್ಲದ ವಿಜ್ಞಾನಿ

ಬಿಸಿಲಲ್ಲಿ ಬಹಳ ದೂರ ನಡೆದರೆ ಬಾಯಾರುತ್ತದೆ. ಅದೇ ಹೊತ್ತಿಗೆ ನಮಗರಿವಿಲ್ಲದಂತೆ ಇನ್ನೊಂದು ಕೆಲಸವೂ ಶುರುವಾಗಿರುತ್ತದೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿದ್ದು ಮೆದುಳಿನ ತಳದ ಹೈಪೋಥಲಾಮಸ್‌ಗೆ ತಿಳಿಯುತ್ತದೆ. ಅಲ್ಲಿನ ನರಕೋಶಗಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ, ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುತ್ತವೆ. ನೀರು ಕುಡಿದ ಮೇಲೆ ಹಾರ್ಮೋನಿನ ಮಟ್ಟ ಇಳಿಯುತ್ತದೆ. ಇಂದು ಪಠ್ಯಪುಸ್ತಕದ ಕೆಲವೇ ಸಾಲುಗಳಲ್ಲಿ ಮುಗಿಯುವ ಈ ಸಂಗತಿ ಒಂದು ಕಾಲಕ್ಕೆ ನಂಬಲಾಗದ ಮಾತಾಗಿತ್ತು.

ಪಿಟ್ಯುಟರಿ ಗ್ರಂಥಿಯ ಸಾರ ರಕ್ತದೊತ್ತಡ ಏರಿಸುತ್ತದೆಂದು ಆಲಿವರ್ ಮತ್ತು ಶೇಫರ್ 1895ರಲ್ಲೇ ತೋರಿಸಿದ್ದರು. ಅದು ಗರ್ಭಕೋಶವನ್ನು ಸಂಕುಚಿಸುತ್ತದೆಂದು 1906ರಲ್ಲಿ ಹೆನ್ರಿ ಡೇಲ್ ಕಂಡರು. ಈ ಗುಣಗಳು ಗ್ರಂಥಿಯ ಹಿಂಭಾಗದ್ದು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಮಾಮೂಲಿ ಗ್ರಂಥಿಕೋಶಗಳೇ ಇರಲಿಲ್ಲ. ಮೆದುಳಿನಿಂದ ಇಳಿದುಬಂದ ನರತಂತುಗಳ ತುದಿಗಳಿದ್ದವು. ಸರಕು ಕಾಣುತ್ತಿತ್ತು, ತಯಾರಿಸುವವರು ಕಾಣುತ್ತಿರಲಿಲ್ಲ.

ಜರ್ಮನಿಯ ಅರ್ನ್ಸ್ಟ್ ಶಾರರ್ 1928ರಲ್ಲಿ ಮಿನ್ನೊ ಎಂಬ ಸಣ್ಣ ಮೀನಿನ ಹೈಪೋಥಲಾಮಸ್‌ನಲ್ಲಿ ಗ್ರಂಥಿಕೋಶಗಳಂತೆ ಕಣ ತುಂಬಿಕೊಂಡ ನರಕೋಶಗಳನ್ನು ಕಂಡರು. ಇವು ಸ್ರವಿಸುತ್ತವೆ ಎಂದರು. ಹೆಚ್ಚಿನವರು ಒಪ್ಪಲಿಲ್ಲ. ನರಕ್ಕೆ ಸಂದೇಶ ಒಯ್ಯುವ ಕೆಲಸ, ಗ್ರಂಥಿಗೆ ಸ್ರವಿಸುವ ಕೆಲಸ. ಕಂಡ ಕಣಗಳು ಸತ್ತ ಕೋಶದ ಕೊಳೆಯೋ ಬಣ್ಣ ಹಚ್ಚುವಾಗಿನ ದೋಷವೋ ಇರಬೇಕು ಎಂಬುದು ಅವರ ವಾದ.

ಅರ್ನ್ಸ್ಟ್ ಮತ್ತು ಅವರ ಪತ್ನಿ ಬರ್ಟಾ ಇಬ್ಬರೂ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯರು. ಇಬ್ಬರೂ ಕೆಲಸ ಹಂಚಿಕೊಂಡರು: ಬೆನ್ನೆಲುಬಿರುವ ಪ್ರಾಣಿಗಳು ಅವರಿಗೆ, ಇಲ್ಲದವು ಇವರಿಗೆ. 1937ರಲ್ಲಿ ನಾಜಿ ಆಡಳಿತದಡಿ ಇರಲೊಲ್ಲದೆ ಅಮೆರಿಕಕ್ಕೆ ಹೊರಟರು. ಗಂಡ ಹೆಂಡತಿ ಇಬ್ಬರಿಗೂ ನೌಕರಿ ಕೊಡದಿರುವುದು ಅಲ್ಲಿನ ವಿಶ್ವವಿದ್ಯಾಲಯಗಳ ರೂಢಿ. ಅರ್ನ್ಸ್ಟ್‌ಗೆ ಹುದ್ದೆ ಸಿಕ್ಕಿತು, ಬರ್ಟಾಗೆ ಕೂರಲು ಜಾಗ ಸಿಕ್ಕಿತು. ಹಣವಿಲ್ಲದ ಅವರು ಪುಕ್ಕಟೆ ಸಿಗುವ ಕೀಟಗಳನ್ನೇ ಹಿಡಿದರು. ನ್ಯೂಯಾರ್ಕಿನಲ್ಲಿ, ದಕ್ಷಿಣ ಅಮೆರಿಕದಿಂದ ಕೋತಿಗಳನ್ನು ತಂದಾಗ ಜೊತೆಗೆ ಬಂದಿದ್ದ ಜಿರಳೆಗಳು ಸಿಕ್ಕವು. ಮುಂದಿನ ದಶಕಗಳಲ್ಲೂ ಅದೇ ಜಾತಿಯ ಜಿರಳೆಯನ್ನು ಅವರು ಬಿಡಲಿಲ್ಲ.

1949ರಲ್ಲಿ ವುಲ್ಫ್‌ಗ್ಯಾಂಗ್ ಬಾರ್ಗ್‌ಮನ್ ಹೊಸದೊಂದು ಬಣ್ಣ ಬಳಸಿ, ಹೈಪೋಥಲಾಮಸ್‌ನ ಕೋಶಗಳಿಂದ ಪಿಟ್ಯುಟರಿಯ ಹಿಂಭಾಗದವರೆಗೆ ಆ ವಸ್ತುವಿನ ಜಾಡನ್ನು ತೋರಿಸಿದರು. ಹಾರ್ಮೋನು ತಯಾರಾಗುವುದು ಮೆದುಳಲ್ಲಿ, ಕೂಡಿಡುವುದು ಪಿಟ್ಯುಟರಿಯಲ್ಲಿ ಎಂದು 1951ರಲ್ಲಿ ಅವರೂ ಅರ್ನ್ಸ್ಟ್ ಅವರೂ ಜೊತೆಯಾಗಿ ಬರೆದರು. ಮರುವರ್ಷ ಬರ್ಟಾ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಜಿರಳೆಯ ಮೆದುಳಿನಿಂದ ಹೊರಡುವ ನರವನ್ನು ಕತ್ತರಿಸಿದಾಗ ಮೆದುಳಿನ ಬದಿಯಲ್ಲಿ ಆ ವಸ್ತು ಒಟ್ಟಾಯಿತು, ಆಚೆ ಬದಿಯಲ್ಲಿ ಕಡಿಮೆಯಾಯಿತು. ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಮೇಲ್ಗಡೆ ನಿಲ್ಲುತ್ತದಲ್ಲ, ಹಾಗೆ. ಕೊಳೆ ಹೀಗೆ ಹರಿಯುವುದಿಲ್ಲ.

1955ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಬರ್ಟಾ ಪ್ರಾಧ್ಯಾಪಕಿಯಾದರು. ಆಗ ಅವರಿಗೆ ಐವತ್ತು ಸಮೀಪಿಸಿತ್ತು.

ಫೆಲೋಶಿಪ್ ಒಂದು ತಿಂಗಳು ತಡವಾದರೆ ಕಂಗಾಲಾಗುವ ನನಗೆ ಇದನ್ನು ತ್ಯಾಗದ ಕಥೆಯೆಂದು ಹಾಡಿ ಹೊಗಳಲು ಮನಸ್ಸಿಲ್ಲ. ಒಂದು ಕೋಶಕ್ಕೆ ಒಂದೇ ಕೆಲಸ ಎಂಬ ಹಟ ವಿಜ್ಞಾನವನ್ನು 20 ವರ್ಷಕ್ಕೂ ಹೆಚ್ಚು ಕಾಲ ತಡೆದಿತ್ತು. ಒಂದು ಮನೆಗೆ ಒಂದೇ ಸಂಬಳ ಎಂಬ ಹಟ ಎಷ್ಟನ್ನು ತಡೆಯಿತೆಂದು ಲೆಕ್ಕ ಇಟ್ಟವರಿಲ್ಲ. ಬರ್ಟಾ ನಿಲ್ಲಲಿಲ್ಲ, ಆದ್ದರಿಂದ ಅವರ ಹೆಸರು ನಮಗೆ ಗೊತ್ತು. ನಿಲ್ಲಬೇಕಾಗಿ ಬಂದವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.