ತುಕ್ಕು ತಿಂದ ಜೀಪಿಗೆ ಹೊಸ ಮೈ

ಕೊಡಚಾದ್ರಿಯ ಮೇಲಕ್ಕೆ ಜೀಪಿನಲ್ಲಿ ಹೋಗಿಬಂದವರಿಗೆ ಆ ದಾರಿ ಮರೆಯುವಂಥದ್ದಲ್ಲ. ಕಲ್ಲು, ಕೊರಕಲು, ಕೆಸರು ಯಾವುದಕ್ಕೂ ಜಗ್ಗದೆ ಏರುವ ಆ ಬಂಡಿಗಳಿಗೆ ಎಂಜಿನ್ನಿನ ಚಿಂತೆ ಅಷ್ಟಾಗಿ ಇಲ್ಲ. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಮೊದಲು ಸೋಲುವುದು ಮೈ. ಮಲೆನಾಡಿನ ಮಳೆ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಒಂದು ದಿನ ಚಾಲಕನ ಪಾದದ ಬಳಿ ತೂತು ಬಿದ್ದು ಕೆಳಗಿನ ರಸ್ತೆ ಕಾಣತೊಡಗುತ್ತದೆ. ಆಗ ಮಾಲೀಕ ಹುಡುಕಿಕೊಂಡು ಹೋಗುವುದು ಊರಿನ ಟಿಂಕರಿಂಗ್ ಷೆಡ್ಡನ್ನು.

ಕಾರ್ಖಾನೆ ಕೈಬಿಟ್ಟ ಬಂಡಿಗೆ ಷೆಡ್ಡಿನಲ್ಲಿ, ಹಿತ್ತಿಲಲ್ಲಿ ಬಿಡಿಭಾಗ ಮಾಡಿ ಮಾರುವ ಈ ಕಸುಬಿಗೆ ಜೀಪಿನಷ್ಟೇ ಹಳೆಯ ಇತಿಹಾಸವಿದೆ. ಎಲ್ಲೋ ಒಂದು ಮೂಲೆಯ ತಗಡು ಕೆಲಸಗಾರ ಜೀಪಿಗೆ ಹೊಸ ಮೈ ಕೊಡಬಲ್ಲನೆಂದರೆ ಅದರಲ್ಲಿ ಅವನ ಕೈಚಳಕದ ಪಾಲು ಎಷ್ಟಿದೆಯೋ ಆ ಬಂಡಿಯನ್ನು ರೂಪಿಸಿದ ಬಗೆಯ ಪಾಲೂ ಅಷ್ಟೇ ಇದೆ.

ಅವಸರದ ಕೂಸು

1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳನ್ನು ಸಂಪರ್ಕಿಸಿ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ಹಗುರ ವಾಹನವೊಂದನ್ನು ಮಾಡಿಕೊಡಿ ಎಂದು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ಕೇವಲ 49 ದಿನ. ಅಷ್ಟರೊಳಗೆ, ಸೆಪ್ಟೆಂಬರ್ 23ರಂದು, ವಾಹನವನ್ನು ತಂದು ನಿಲ್ಲಿಸಿದ್ದು ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಅದರ ನಕ್ಷೆ ಬರೆದವರು ಕಾರ್ಲ್ ಪ್ರಾಬ್ಸ್ಟ್. ಆದರೆ ಸೇನೆಗೆ ಬೇಕಾದಷ್ಟು ವಾಹನಗಳನ್ನು ಇಷ್ಟು ಚಿಕ್ಕ ಕಂಪನಿ ಪೂರೈಸೀತೆಂಬ ನಂಬಿಕೆ ಅಧಿಕಾರಿಗಳಿಗೆ ಇರಲಿಲ್ಲ. ಬ್ಯಾಂಟಮ್‌ನ ನಕ್ಷೆಗಳು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಕೈಸೇರಿದವು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡುವುದು ಜೀಪಿನ ಜಾತಕದಲ್ಲೇ ಬರೆದಿತ್ತು ಎನ್ನಬಹುದು.

1941ರಲ್ಲಿ ವಿಲ್ಲಿಸ್ ಕಂಪನಿಗೆ ದೊಡ್ಡ ಗುತ್ತಿಗೆ ಸಿಕ್ಕಿತು. ಅದೊಂದೇ ಕಂಪನಿ ಸಾಲದೆ ಫೋರ್ಡ್ ಕೂಡ ವಿಲ್ಲಿಸ್ ಮಾದರಿಯ ಜೀಪನ್ನೇ ತಯಾರಿಸತೊಡಗಿತು. ಯುದ್ಧ ಮುಗಿಯುವ ವೇಳೆಗೆ ಇಬ್ಬರೂ ಸೇರಿ ಸುಮಾರು 6.4 ಲಕ್ಷ ಜೀಪುಗಳನ್ನು ಮಾಡಿದ್ದರು. ಸೇನೆಯ ಕಟ್ಟಪ್ಪಣೆ ಒಂದೇ: ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕು. ರಣರಂಗದಲ್ಲಿ ಕೆಟ್ಟು ನಿಂತ ಎರಡು ಜೀಪುಗಳಿಂದ ಓಡುವ ಒಂದನ್ನು ಕಟ್ಟಲು ಸಾಧ್ಯವಾಗಬೇಕು. ಫೋರ್ಡ್ ತನ್ನ ಗುರುತಿಗಾಗಿ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು. ಆದರೆ ಆ ಬೋಲ್ಟು ವಿಲ್ಲಿಸ್ ಜೀಪಿಗೂ ಸರಿಹೋಗುತ್ತಿತ್ತು. ಇನ್ನೊಂದು ಸಂಗತಿ: ವಿಲ್ಲಿಸ್ ಜೀಪುಗಳ ಮೈಯನ್ನು ವಿಲ್ಲಿಸ್ ತಾನೇ ತಯಾರಿಸುತ್ತಿರಲಿಲ್ಲ. ಇಂಡಿಯಾನಾ ರಾಜ್ಯದ ಅಮೆರಿಕನ್ ಸೆಂಟ್ರಲ್ ಎಂಬ ಬೇರೊಂದು ಕಂಪನಿ ಅದನ್ನು ಮಾಡಿ ಕಳುಹಿಸುತ್ತಿತ್ತು. ಹೊರಗಿನವರು ಜೀಪಿಗೆ ಮೈ ಮಾಡುವುದು ಆಗಲೇ ಶುರುವಾಗಿತ್ತು.

ಚಪ್ಪಟೆಯ ಲಾಭ

ಜೀಪಿನ ಬಾನೆಟ್, ಮಡ್‌ಗಾರ್ಡ್, ಪಕ್ಕದ ಗೋಡೆಗಳನ್ನು ಗಮನಿಸಿ. ಹೆಚ್ಚುಕಡಿಮೆ ಎಲ್ಲವೂ ಚಪ್ಪಟೆ. ಬಾಗು ಇದ್ದರೂ ಒಂದೇ ದಿಕ್ಕಿಗೆ. ಇಂಥ ತಗಡನ್ನು ಕಬ್ಬಿಣದ ಅಂಚಿಗೆ ಒತ್ತಿಹಿಡಿದು ಸುತ್ತಿಗೆಯಿಂದ ಬಾಗಿಸಬಹುದು. ಗುಂಡಗೆ ಉಬ್ಬಿದ ಕಾರಿನ ಮೈಗಾದರೆ ದುಬಾರಿ ಅಚ್ಚು, ಭಾರೀ ಒತ್ತುಯಂತ್ರ ಬೇಕು. ಅದು ಷೆಡ್ಡಿನ ಕೆಲಸವಲ್ಲ. ಯುದ್ಧದ ಅವಸರಕ್ಕೆಂದು ಸರಳಗೊಳಿಸಿದ ಆಕಾರ, ಮುಂದೆ ಬಡ ದೇಶಗಳ ತಗಡು ಕೆಲಸಗಾರರಿಗೆ ವರವಾಯಿತು.

ಈ ಮೈಗೆ ಶಾಪವೂ ಅಂಟಿಕೊಂಡಿತ್ತು. ಜೀಪಿನ ನೆಲಕ್ಕೆ ಆಧಾರವಾಗಿ ಅಡಿಯಲ್ಲಿ ಟೋಪಿಯಾಕಾರದ ತಗಡಿನ ಪಟ್ಟಿಗಳನ್ನು ಬೆಸೆದು, ಬಲಕ್ಕಾಗಿ ಅವುಗಳೊಳಗೆ ಮರದ ತುಂಡುಗಳನ್ನು ಇಟ್ಟಿದ್ದರು. ಮಳೆನೀರು, ಕೆಸರು ಆ ಸಂದಿಗೆ ಸೇರಿದರೆ ಮರ ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿರುತ್ತಿತ್ತು. ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿ, ಮೂರೂ ಅಲ್ಲಿದ್ದವು. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗಿನ ತಗಡು ಹಪ್ಪಳವಾಗುತ್ತಿತ್ತು. ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತಿತ್ತು.

ಮನಿಲಾದ ಜಾಣ್ಮೆ

ಯುದ್ಧ ಮುಗಿದಾಗ ಅಮೆರಿಕದ ಸೇನೆ ಫಿಲಿಪ್ಪೀನ್ಸ್‌ನಲ್ಲಿ ಅಪಾರ ಸಂಖ್ಯೆಯ ಜೀಪುಗಳನ್ನು ಬಿಟ್ಟುಹೋಯಿತು. ಬಾಂಬ್ ದಾಳಿಗೆ ನಲುಗಿದ್ದ ಮನಿಲಾ ನಗರದಲ್ಲಿ ಸಾರಿಗೆಯೆಂಬುದೇ ಉಳಿದಿರಲಿಲ್ಲ. ಜನ ಆ ಜೀಪುಗಳ ಹಿಂಭಾಗವನ್ನು ಉದ್ದಮಾಡಿ, ಎದುರುಬದುರು ಎರಡು ಬೆಂಚು ಹಾಕಿ, ಮೇಲೊಂದು ಚಾವಣಿ ಹೊದಿಸಿದರು. ‘ಜೀಪ್ನಿ’ ಹುಟ್ಟಿದ್ದು ಹೀಗೆ. 1953ರಲ್ಲಿ ಲಿಯೊನಾರ್ಡೊ ಸರಾವೊ ಎಂಬವರು ಮನಿಲಾ ಪಕ್ಕದ ಲಾಸ್ ಪಿನ್ಯಾಸ್‌ನಲ್ಲಿ ಜೀಪ್ನಿಗಳಿಗೆ ಮೈ ಕಟ್ಟುವ ಕಾರ್ಯಾಗಾರ ತೆರೆದರು. ಅದಕ್ಕೂ ಮೊದಲು ಅವರು ಕುದುರೆಗಾಡಿ ಓಡಿಸುತ್ತಿದ್ದರು. ಅವರ ಸರಾವೊ ಮೋಟರ್ಸ್ ಆ ದೇಶದ ಅತ್ಯಂತ ಹೆಸರಾದ ಜೀಪ್ನಿ ತಯಾರಕ ಸಂಸ್ಥೆಯಾಗಿ ಬೆಳೆಯಿತು.

ಕತೆಯ ಸ್ವಾರಸ್ಯ ಮುಂದಿದೆ. ಅಮೆರಿಕ, ಯೂರೋಪುಗಳ ಹವ್ಯಾಸಿಗಳು ತಮ್ಮ ಹಳೆಯ ಯುದ್ಧಕಾಲದ ಜೀಪುಗಳನ್ನು ಮತ್ತೆ ರಸ್ತೆಗಿಳಿಸಲು ಹೊರಟಾಗ ಮೂಲ ಮೈಗಳು ಎಂದೋ ಮಣ್ಣುಪಾಲಾಗಿದ್ದವು. ಹೊಸ ಮೈಗಾಗಿ ಅವರು ಮೊರೆಹೋದದ್ದು ಫಿಲಿಪ್ಪೀನ್ಸ್‌ನ ಎಂ.ಡಿ. ಹುವಾನ್ ಎಂಬ ಸಂಸ್ಥೆಗೆ. ಅಮೆರಿಕದ ಜೀಪಿನ ಮೈ ಹೀಗೆ ಮನಿಲಾ ಕಡೆಯಿಂದ ಅಮೆರಿಕಕ್ಕೆ ರಫ್ತಾಯಿತು.

ನಮ್ಮ ನೆಲದಲ್ಲಿ

ಭಾರತಕ್ಕೂ ಜೀಪು ಬಂದದ್ದು ಯುದ್ಧದ ಜೊತೆಗೇ. 1945ರಲ್ಲಿ ಮುಂಬೈಯಲ್ಲಿ ಆರಂಭವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯ ಪಾಲುದಾರ ಮಲಿಕ್ ಗುಲಾಂ ಮೊಹಮ್ಮದ್, ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್‌ನಿಂದ ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಜೋಡಿಸಿ ಜೀಪು ಮಾಡುವ ಕೆಲಸದಿಂದ ಅದು ವಾಹನೋದ್ಯಮಕ್ಕೆ ಕಾಲಿಟ್ಟಿತು.

ತುಕ್ಕು ಹಿಡಿದ ಜೀಪಿನ ಪಾಠವನ್ನು ಸರ್ಕಾರವೂ ಕಲಿಯಬೇಕಾಯಿತು. 1948ರಲ್ಲಿ, ಕಾಶ್ಮೀರದ ಕಾಳಗದ ಕಾಲದಲ್ಲಿ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ಹಳೆಯ ಜೀಪುಗಳನ್ನು ತರಿಸಲು ಒಪ್ಪಂದ ಮಾಡಿಕೊಂಡರು. ಬಂದಿಳಿದ 155 ಜೀಪುಗಳು ಬಳಕೆಗೆ ಯೋಗ್ಯವಾಗಿರಲಿಲ್ಲ. ಸಂಸತ್ತಿನಲ್ಲಿ ಕೋಲಾಹಲವಾಯಿತು. 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಗಿಸಿದರೂ ‘ಜೀಪು ಹಗರಣ’ ಎಂಬ ಹೆಸರು ಉಳಿದುಕೊಂಡಿತು.

ಅಮೆರಿಕದಲ್ಲಿ 1953ರಲ್ಲಿ ಬಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಜೀಪಿನ ತಯಾರಿಕೆ ಅಲ್ಲಿ 1968ಕ್ಕೆ ನಿಂತಿತು. ಆ ಬಳಿಕವೂ ಅದೇ ಆಕಾರ ಭಾರತದಲ್ಲಿ ದಶಕಗಳ ಕಾಲ ಬದುಕಿತು. ಪೊಲೀಸರು, ಅರಣ್ಯಾಧಿಕಾರಿಗಳು, ತೋಟದ ಮಾಲೀಕರು, ಚುನಾವಣೆಯ ಅಭ್ಯರ್ಥಿಗಳು ಎಲ್ಲರೂ ಹತ್ತಿದ್ದು ಅದನ್ನೇ. ಮಾದರಿ ಬೇಗ ಬದಲಾಗದ ಕಾರಣ ಒಮ್ಮೆ ಅಳತೆ ಹಿಡಿದ ತಗಡು ಕೆಲಸಗಾರನಿಗೆ ಆ ಅಳತೆ ವರ್ಷಾನುಗಟ್ಟಲೆ ಅನ್ನ ಹಾಕಿತು. ಹರಿಯಾಣದ ಮಂಡಿ ಡಬವಾಲಿಯಂತೂ ಸೇನೆ ಹರಾಜು ಹಾಕಿದ ಜೀಪುಗಳಿಗೆ ಹೊಸ ಮೈ ತೊಡಿಸಿ ಮಾರುವುದಕ್ಕೇ ಪ್ರಸಿದ್ಧವಾಯಿತು.

ರಟ್ಟಿನಿಂದ ತಗಡಿಗೆ

ಕೆಲಸ ಶುರುವಾಗುವುದು ಕತ್ತರಿಸುವುದರಿಂದ. ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡಿನ ದನಿಯೇ ಬೇರೆ, ಸತ್ತ ತಗಡಿನ ದನಿಯೇ ಬೇರೆ. ಹೊಳೆಯುವ ಲೋಹ ಸಿಗುವವರೆಗೂ ತುಕ್ಕನ್ನು ಕತ್ತರಿಸಿ ತೆಗೆಯಬೇಕು. ಒಂದಿಷ್ಟು ಉಳಿಸಿದರೂ ಮತ್ತೆ ಅಲ್ಲಿಂದಲೇ ಹಬ್ಬುತ್ತದೆ. ಆಮೇಲೆ ಖಾಲಿ ಜಾಗಕ್ಕೆ ರಟ್ಟನ್ನು ಕತ್ತರಿಸಿ ಕೂರಿಸಿ ನೋಡುತ್ತಾರೆ. ರಟ್ಟು ಸರಿಯಾಗಿ ಕೂತರೆ ಅದರ ಗುರುತನ್ನು ತಗಡಿಗೆ ಇಳಿಸುತ್ತಾರೆ. ನೆಲಕ್ಕೆ ಸುಮಾರು 1.2 ಮಿಲಿಮೀಟರ್ ದಪ್ಪದ 18 ಗೇಜಿನ ತಗಡು ಒಗ್ಗುತ್ತದೆ. ಅಗಲವಾದ ತಗಡು ಓಡುವಾಗ ಡಬಡಬ ಸದ್ದು ಮಾಡದಂತೆ ಅದರಲ್ಲಿ ಉದ್ದುದ್ದ ಏಣುಗಳನ್ನು ಒತ್ತಬೇಕು. ಬೆಸುಗೆಯನ್ನು ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು ಕೊನೆಗೆ ಕೂಡಿಸುತ್ತಾರೆ. ಮೇಲೆ ರೆಡ್ ಆಕ್ಸೈಡ್ ಬಳಿಯುತ್ತಾರೆ. ಅನುಭವಿಗಳು ಮರದ ತುಂಡನ್ನು ಕೈಬಿಟ್ಟು, ನೀರು ಇಳಿದುಹೋಗಲು ಸಣ್ಣ ರಂಧ್ರ ಕೊರೆಯುತ್ತಾರೆ. ಇಲ್ಲಿ ನಕಲು ಮೂಲಕ್ಕಿಂತ ಒಂದು ಕೈ ಮೇಲು.

ರಿಪೇರಿ ವ್ಯಾಪಾರವಾಗುವುದು ಆ ರಟ್ಟಿನಿಂದಲೇ. ಮೊದಲ ತುಂಡಿಗೆ ಎರಡು ದಿನ ಹಿಡಿದರೆ, ಅಳತೆ ಕೈಗೆ ಬಂದ ಮೇಲೆ ಎರಡನೆಯದಕ್ಕೆ ಅರ್ಧ ದಿನವೂ ಬೇಡ. ಕೆಲಸಗಾರ ಎಡಬಲದ ಜೊತೆ ಮಾಡಿ ಷೆಡ್ಡಿನ ಗೋಡೆಗೆ ನೇತುಹಾಕುತ್ತಾನೆ. ಅದನ್ನು ನೋಡಿ ಇನ್ನೊಬ್ಬ ಮಾಲೀಕ ಕೇಳುತ್ತಾನೆ, ಆಮೇಲೆ ಪಕ್ಕದ ಊರಿನ ಅಂಗಡಿಯವನು ಕೇಳುತ್ತಾನೆ. ಗಿರಾಕಿ ಎಚ್ಚರದಿಂದಿರಬೇಕಾದದ್ದೂ ಇಲ್ಲೇ. ಬಣ್ಣ ಬಳಿದ ಮೇಲೆ 18 ಗೇಜಿಗೂ 22 ಗೇಜಿಗೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ತೂಗಿ ನೋಡುವುದು, ಹೆಬ್ಬೆರಳಿನಿಂದ ಒತ್ತಿ ನೋಡುವುದು ಲೇಸು.

ರಿಪೇರಿಯೋ, ನಕಲೋ?

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಮೂರು ಮಾತು ಕೇಳಿಬರುತ್ತವೆ: ಒರಿಜಿನಲ್, ಲೋಕಲ್, ಡೂಪ್ಲಿಕೇಟ್. ಕಂಪನಿಯದು ಒರಿಜಿನಲ್. ತನ್ನದೇ ಹೆಸರಿನಲ್ಲಿ ಅಥವಾ ಹೆಸರೇ ಇಲ್ಲದೆ ಮಾರಾಟವಾಗುವುದು ಲೋಕಲ್. ಕಂಪನಿಯ ಹೆಸರನ್ನು ಕಳ್ಳತನದಿಂದ ಒತ್ತಿದ್ದು ಡೂಪ್ಲಿಕೇಟ್. ಕೊನೆಯ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಈ ಪ್ರಶ್ನೆ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವನ್ನೂ ಏರಿತ್ತು. ಮಾರಿಸ್ ಮರೀನಾ ಕಾರಿನ ಹೊಗೆಕೊಳವೆಯನ್ನು ನೋಡಿ ಅದೇ ಆಕಾರದಲ್ಲಿ ಮಾಡಿ ಮಾರುತ್ತಿದ್ದ ಆರ್ಮ್‌ಸ್ಟ್ರಾಂಗ್ ಕಂಪನಿಯ ಮೇಲೆ ಬ್ರಿಟಿಷ್ ಲೇಲ್ಯಾಂಡ್ ದಾವೆ ಹೂಡಿತು. ಕಾರು ಕೊಂಡವನಿಗೆ ಅದನ್ನು ದುರಸ್ತಿ ಮಾಡಿಸಿಕೊಳ್ಳುವ ಹಕ್ಕಿದೆ, ನಕ್ಷೆಯ ಮೇಲಿನ ಕೃತಿಸ್ವಾಮ್ಯವನ್ನು ಮುಂದುಮಾಡಿ ಬಿಡಿಭಾಗಗಳ ಪೇಟೆಯನ್ನೇ ಕಟ್ಟಿಹಾಕುವಂತಿಲ್ಲ ಎಂದು 1986ರಲ್ಲಿ ತೀರ್ಪು ಬಂತು. ಆದರೆ ಇಡೀ ವಾಹನದ ಮಾತು ಬೇರೆ. ಮಹೀಂದ್ರ ಕಂಪನಿ ಅಮೆರಿಕದಲ್ಲಿ ಮಾರಿದ ರಾಕ್ಸರ್ ವಾಹನ ಜೀಪಿನ ರೂಪವನ್ನು ಅನುಕರಿಸಿದೆ ಎಂದು ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ 2020ರಲ್ಲಿ ಹೇಳಿತು. ಕಂಪನಿ ವಾಹನದ ಮುಖವನ್ನೇ ಬದಲಿಸಬೇಕಾಯಿತು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ತುಕ್ಕು ಹಿಡಿದ ನೆಲದ ಜಾಗದಲ್ಲಿ ಅದೇ ಅಳತೆಯ ಹೊಸ ನೆಲ ಕೂರಿಸುವುದು ದುರಸ್ತಿ. ಚಾಸಿಯನ್ನು ಕತ್ತರಿಸಿ ಉದ್ದಮಾಡುವುದು ಮಾರ್ಪಾಡು. ಬ್ರೇಕು, ಸ್ಟೀರಿಂಗುಗಳ ಭಾಗಗಳನ್ನಂತೂ ಷೆಡ್ಡಿನಲ್ಲಿ ಅಂದಾಜಿನ ಮೇಲೆ ಮಾಡುವುದು ಪ್ರಾಣದ ಜೊತೆ ಆಟ. ಮಡ್‌ಗಾರ್ಡ್ ಸೊಟ್ಟಗಿದ್ದರೆ ನೋಟ ಕೆಡುತ್ತದೆ, ಸ್ಟೀರಿಂಗಿನ ಕೊಂಡಿ ಮುರಿದರೆ ಕಣಿವೆ ಕಾದಿರುತ್ತದೆ. ಒಳ್ಳೆಯ ಕೆಲಸಗಾರ ಈ ಗೆರೆಯನ್ನು ತಾನಾಗಿಯೇ ದಾಟುವುದಿಲ್ಲ.

ಇಂದಿನ ಬಹುತೇಕ ಕಾರುಗಳಿಗೆ ಬೇರೆ ಚಾಸಿಯೇ ಇಲ್ಲ. ಮೈಯೇ ಭಾರ ಹೊರುವ ಎಲುಬು. ಅದಕ್ಕೆ ರಟ್ಟಿನ ಅಳತೆ, ಸುತ್ತಿಗೆಯ ಏಟು ಸಾಲದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಹಕ್ಕು ಕಾಗದದ ಮೇಲೆ ಬಂದರೆ ಸಾಲದು; ದುರಸ್ತಿಗೆ ಒಗ್ಗುವಂತೆ ವಸ್ತುವನ್ನು ರೂಪಿಸುವವರೂ ಬೇಕು, ದುರಸ್ತಿ ಮಾಡಬಲ್ಲ ಕೈಗಳೂ ಬೇಕು. ಜೀಪಿಗೆ ಎರಡೂ ಒದಗಿದ್ದವು. ಎಂಟು ದಶಕಗಳ ಹಿಂದಿನ ನಕ್ಷೆಯೊಂದು ಇಂದಿಗೂ ಘಟ್ಟ ಹತ್ತುತ್ತಿರುವ ಗುಟ್ಟು ಅಷ್ಟೇ.