ಸೋಲದ ಕುದುರೆ ಸೋತ ದಿನ

ರೇಸಿನ ಹುಚ್ಚಿದ್ದವರ ಜೊತೆ ಅರ್ಧ ಗಂಟೆ ಕೂತರೆ ಒಂದು ಸಂಗತಿ ಗೊತ್ತಾಗುತ್ತದೆ. ಮುಂದಿನ ದೊಡ್ಡ ರೇಸನ್ನು ಯಾವ ಕುದುರೆ ಗೆಲ್ಲುತ್ತದೆ ಎಂದು ಹೇಳುವಾಗ ಅವರಿಗೆ ಎಷ್ಟು ಉತ್ಸಾಹವೋ, ಕಳೆದ ರೇಸನ್ನು ತಮ್ಮ ಕುದುರೆ ಯಾಕೆ ಗೆಲ್ಲಲಿಲ್ಲ ಎಂದು ವಿವರಿಸುವಾಗಲೂ ಅಷ್ಟೇ ಉತ್ಸಾಹ. ಜಾಕಿ ಕೆಡಿಸಿದ, ದಾರಿ ಸಿಗಲಿಲ್ಲ, ನೆಲ ಗಟ್ಟಿಯಾಗಿತ್ತು, ಹೀಗೆ. ಅಭಿಪ್ರಾಯ ತಪ್ಪಾಗಿತ್ತು ಎಂದು ಒಪ್ಪಿಕೊಳ್ಳುವವರು ಕಡಿಮೆ. ಆದರೆ ಹಳೆಯ ರೇಸುಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಮೊದಲು ಏನಾಗಿತ್ತು, ನಂತರ ಏನಾಯಿತು ಎರಡೂ ನಮ್ಮ ಮುಂದಿರುವುದರಿಂದ ಅಂದಿನ ಅಭಿಪ್ರಾಯಗಳನ್ನು ಒರೆಗೆ ಹಚ್ಚಿ ನೋಡಬಹುದು. ಅಂಥ ಒಂದು ರೇಸು 1934ರ ಜೂನ್ 6ರಂದು ಇಂಗ್ಲೆಂಡಿನ ಎಪ್ಸಮ್‌ನಲ್ಲಿ ನಡೆದ ಡರ್ಬಿ. ಅದನ್ನು ಗೆದ್ದದ್ದು ಭಾರತದ ಒಬ್ಬ ಮಹಾರಾಜರ ಕುದುರೆ.

ಡರ್ಬಿ ಶುರುವಾದದ್ದು 1780ರಲ್ಲಿ. ಮೂರು ವರ್ಷದ ಕುದುರೆಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಎಂದರೆ ಒಂದು ಕುದುರೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಅಭಿಪ್ರಾಯ ಕಟ್ಟುವವರಿಗೂ ಇರುವ ಸಾಕ್ಷ್ಯ ಅಷ್ಟಕ್ಕಷ್ಟೇ. ಎರಡನೆಯ ವರ್ಷದಲ್ಲಿ ಓಡಿದ ಗಿಡ್ಡ ಓಟಗಳು, ಮೂರನೆಯ ವರ್ಷದ ವಸಂತದಲ್ಲಿ ಓಡಿದ ಒಂದೆರಡು ಓಟಗಳು, ಅಪ್ಪ ಅಮ್ಮನ ವಂಶಾವಳಿ. ಎಪ್ಸಮ್‌ನ ಹಾದಿ ಒಂದೂವರೆ ಮೈಲಿ, ಸುಮಾರು 2,400 ಮೀಟರ್. ಮೊದಲು ಏರು, ಆಮೇಲೆ ಇಳಿಜಾರು, ಆ ಇಳಿಜಾರಿನಲ್ಲೇ ಟ್ಯಾಟನ್‌ಹ್ಯಾಮ್ ಕಾರ್ನರ್ ಎಂಬ ಎಡ ತಿರುವು. ತಿರುವಿನಲ್ಲಿ ಒಳಗೋಡೆಯ ಕಡೆ ಸಿಕ್ಕಿಹಾಕಿಕೊಂಡರೆ ಹೊರಬರುವುದು ಕಷ್ಟ.

ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಹೆಸರು ಕೊಲಂಬೊ. ಲಾರ್ಡ್ ಗ್ಲಾನ್ಲಿ ಅದನ್ನು ಮರಿಯಾಗಿದ್ದಾಗ ಹರಾಜಿನಲ್ಲಿ 510 ಗಿನಿಗೆ ಕೊಂಡಿದ್ದರು. ಎರಡನೆಯ ವರ್ಷದಲ್ಲಿ ಏಳು ಓಟ, ಏಳೂ ಗೆಲುವು. ಮೂರನೆಯ ವರ್ಷದಲ್ಲಿ ನ್ಯೂಮಾರ್ಕೆಟ್‌ನ ಎರಡು ಒಂದು ಮೈಲಿಯ ಓಟಗಳು, ಅವೂ ಗೆಲುವೇ. ಎರಡನೆಯದು ಪ್ರಸಿದ್ಧ 2000 ಗಿನೀಸ್. ಅದರ ಅಪ್ಪ ಮನ್ನಾ 1925ರಲ್ಲಿ ಗಿನೀಸ್ ಮತ್ತು ಡರ್ಬಿ ಎರಡನ್ನೂ ಗೆದ್ದಿತ್ತು. ಒಂಬತ್ತರಲ್ಲಿ ಒಂಬತ್ತು ಗೆದ್ದ, ಡರ್ಬಿ ಗೆದ್ದವನ ಮಗ ಎಂದ ಮೇಲೆ ಇನ್ನೇನು ಬೇಕು? ಕೊಲಂಬೊ ಸೋಲುವ ಕುದುರೆಯೇ ಅಲ್ಲ ಎಂಬ ಮಾತು ಹಬ್ಬಿತು.

ಬುಕ್ಕಿಗಳ ದರ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಓಟದ ಹೊತ್ತಿಗೆ ಕೊಲಂಬೊ ಮೇಲಿನ ದರ 8ಕ್ಕೆ 11. ಎಂಟು ಪೌಂಡ್ ಕಟ್ಟಿ ಗೆದ್ದರೆ ಹನ್ನೊಂದು ಪೌಂಡ್ ಲಾಭ. ಲೆಕ್ಕ ಹಾಕಿದರೆ, ಇಂಥ ದರದಲ್ಲಿ ಕಟ್ಟಿದವನಿಗೆ ನಷ್ಟವಾಗದಿರಬೇಕಾದರೆ ಆ ಕುದುರೆ ಹತ್ತೊಂಬತ್ತು ಸಲದಲ್ಲಿ ಎಂಟು ಸಲ ಗೆಲ್ಲಬೇಕು. ಅದು ನೂರಕ್ಕೆ 42. ಬುಕ್ಕಿಯ ಲಾಭವನ್ನೂ ಕಳೆದರೆ ಇನ್ನೂ ಕಡಿಮೆ. ಎಂದರೆ ಎಲ್ಲರೂ ಸೋಲದ ಕುದುರೆ ಎನ್ನುತ್ತಿದ್ದಾಗಲೂ, ಅದು ಗೆಲ್ಲುವುದಕ್ಕಿಂತ ಸೋಲುವ ಸಾಧ್ಯತೆಯೇ ಹೆಚ್ಚು ಎಂದು ದರಪಟ್ಟಿಯೇ ಹೇಳುತ್ತಿತ್ತು. ಫೇವರಿಟ್ ಎಂದರೆ ಉಳಿದ ಒಂದೊಂದಕ್ಕಿಂತ ಮುಂದಿರುವ ಕುದುರೆ. ಉಳಿದ ಎಲ್ಲವನ್ನೂ ಒಟ್ಟು ಸೇರಿಸಿದರೆ ಅದಕ್ಕಿಂತ ಮುಂದೆ ಎಂದಲ್ಲ. ರೇಸಿನಲ್ಲಿ ಅತಿ ಹೆಚ್ಚು ಹಣ ಕಳೆದುಕೊಂಡವರು ಈ ವ್ಯತ್ಯಾಸವನ್ನು ಮರೆತವರೇ.

ವಿಂಡ್ಸರ್ ಲ್ಯಾಡ್ ಎಂಬ ಇನ್ನೊಂದು ಕುದುರೆಯ ಒಡೆಯರು ರಾಜಪೀಪ್ಲಾದ ಮಹಾರಾಜ ವಿಜಯಸಿಂಹಜಿ. ರಾಜಪೀಪ್ಲಾ ಇಂದಿನ ಗುಜರಾತಿನ ನರ್ಮದಾ ತೀರದ ಒಂದು ಸಂಸ್ಥಾನ. ಮಹಾರಾಜರಿಗೆ ಇಂಗ್ಲೆಂಡಿನಲ್ಲೂ ಮನೆಯಿತ್ತು. ಅಲ್ಲಿನ ರೇಸಿನ ಜನ ಅವರನ್ನು ಸಲುಗೆಯಿಂದ ‘ಪಿಪ್’ ಎನ್ನುತ್ತಿದ್ದರು. ಐರ್ಲೆಂಡಿನಲ್ಲಿ ಹುಟ್ಟಿದ ಈ ಕುದುರೆಯನ್ನು ಅವರು 1,300 ಗಿನಿಗೆ ಕೊಂಡಿದ್ದರು. ಎರಡನೆಯ ವರ್ಷದಲ್ಲಿ ಅದು ಸೋಲುಗಳನ್ನೂ ಕಂಡಿತ್ತು, ಹಾಗಾಗಿ ‘ಅಜೇಯ’ ಎಂಬ ಬಿರುದು ಅದಕ್ಕೆ ಸಿಕ್ಕುವಂತಿರಲಿಲ್ಲ. ಡರ್ಬಿಯಲ್ಲಿ ಅದರ ದರ 2ಕ್ಕೆ 15. ಮೇಲಿನ ಲೆಕ್ಕದಲ್ಲೇ ನೋಡಿದರೆ ನೂರಕ್ಕೆ ಹನ್ನೆರಡರಷ್ಟು ಆಸೆ.

ಆದರೆ ಡರ್ಬಿಗೆ ಮೊದಲು ಅದು ಗೆದ್ದ ಎರಡು ಓಟಗಳು ಯಾವುವು? ಒಂದು ಚೆಸ್ಟರ್ ವಾಸ್. ಚೆಸ್ಟರ್‌ನ ಮೈದಾನ ಎಡಕ್ಕೆ ಬಿಗಿಯಾಗಿ ತಿರುಗುವಂಥದು, ಓಟ ಸುಮಾರು ಒಂದೂವರೆ ಮೈಲಿಯದು. ಇನ್ನೊಂದು ಒಂದೂಕಾಲು ಮೈಲಿಯ ನ್ಯೂಮಾರ್ಕೆಟ್ ಸ್ಟೇಕ್ಸ್. ಕೊಲಂಬೊ ಆವರೆಗೆ ಒಂದು ಮೈಲಿಗಿಂತ ಒಂದು ಹೆಜ್ಜೆಯೂ ಹೆಚ್ಚು ಓಡಿರಲಿಲ್ಲ. ನ್ಯೂಮಾರ್ಕೆಟ್‌ನ ಆ ಒಂದು ಮೈಲಿ ತಿರುವೇ ಇಲ್ಲದ ನೇರ ಹಾದಿ. ಎಪ್ಸಮ್ ಕೇಳುವ ಪ್ರಶ್ನೆಗೆ ಒಂದು ಕುದುರೆ ಆಗಲೇ ಉತ್ತರ ಕೊಟ್ಟಿತ್ತು, ಇನ್ನೊಂದಕ್ಕೆ ಆ ಪ್ರಶ್ನೆ ಎದುರಾಗಿಯೇ ಇರಲಿಲ್ಲ. ಒಂಬತ್ತು ಗೆಲುವಿನ ಹೊಳಪಿನಲ್ಲಿ ಈ ಸಣ್ಣ ವಿವರ ಮಸುಕಾಯಿತು.

ವಿಂಡ್ಸರ್ ಲ್ಯಾಡ್ ಮೇಲೆ ಕೂತಿದ್ದ ಜಾಕಿ ಚಾರ್ಲಿ ಸ್ಮರ್ಕ್‌ನ ಕಥೆಯೂ ಅಭಿಪ್ರಾಯದ ಕಥೆಯೇ. 1928ರಲ್ಲಿ ವೆಲ್ಕಮ್ ಗಿಫ್ಟ್ ಎಂಬ ಫೇವರಿಟ್ ಕುದುರೆ ಸ್ಟಾರ್ಟಿನಲ್ಲೇ ನಿಂತುಬಿಟ್ಟಿತು. ಓಡಿಸಲು ಆತ ಪ್ರಯತ್ನವನ್ನೇ ಮಾಡಲಿಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿ ಐದು ವರ್ಷ ಮೈದಾನದಿಂದ ಹೊರಗಿಟ್ಟರು. ಆ ಕುದುರೆ ಮುಂದೆ ಭಾರತಕ್ಕೆ ಬಂದು ಇಲ್ಲೂ ಹಾಗೇ ಮೊಂಡು ಹಿಡಿಯಿತು ಎಂಬುದು ರೇಸಿನವರಲ್ಲಿ ಉಳಿದುಬಂದಿರುವ ಮಾತು. 1933ರಲ್ಲಿ ಸ್ಮರ್ಕ್ ಹಿಂತಿರುಗಿದ. ಕುದುರೆಯ ಟ್ರೇನರ್ ಮಾರ್ಕಸ್ ಮಾರ್ಷ್‌ಗೆ ಆಗ ಮೂವತ್ತರ ಆಸುಪಾಸು. ಕಳಂಕ ಹೊತ್ತ ಜಾಕಿ, ಎಳೆಯ ಟ್ರೇನರ್, ಪರದೇಶದ ಒಡೆಯ. ಅಭಿಪ್ರಾಯ ಗೆಲ್ಲುವಂಥ ಜೋಡಣೆ ಅದಾಗಿರಲಿಲ್ಲ.

ಓಟದಲ್ಲಿ ಟ್ಯಾಟನ್‌ಹ್ಯಾಮ್ ತಿರುವಿನ ಬಳಿ ಕೊಲಂಬೊ ಒಳಬದಿಯಲ್ಲಿ ದಣಿದ ಕುದುರೆಯೊಂದರ ಹಿಂದೆ ಸಿಕ್ಕಿಕೊಂಡಿತು. ಜಾಕಿ ರೇ ಜಾನ್‌ಸ್ಟನ್ ಅದನ್ನು ಬಿಡಿಸಿಕೊಂಡು ಹೊರತರುವಷ್ಟರಲ್ಲಿ ಸ್ಮರ್ಕ್ ಮುಂದೆ ಸಾಗಿದ್ದ. ವಿಂಡ್ಸರ್ ಲ್ಯಾಡ್ ಒಂದು ಕುದುರೆಯುದ್ದದ ಅಂತರದಲ್ಲಿ ಗೆದ್ದಿತು. ಈಸ್ಟನ್ ಎರಡನೆಯದು, ಅದರ ಹಿಂದೆ ಕೊರಳಳತೆಯಲ್ಲಿ ಕೊಲಂಬೊ. ಹಿಂದಿನ ವರ್ಷ ಹೈಪೀರಿಯನ್ ಬರೆದಿದ್ದ 2 ನಿಮಿಷ 34 ಸೆಕೆಂಡಿನ ದಾಖಲೆಗೆ ವಿಂಡ್ಸರ್ ಲ್ಯಾಡ್ ಸರಿಸಮವಾಯಿತು.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎನ್ನುತ್ತೇವಲ್ಲ, ಹಾಗೆ ಚರ್ಚೆ ಆಮೇಲೆ ಶುರುವಾಯಿತು. ಜಾಕಿಯದೇ ತಪ್ಪು ಎಂದರು ಕೊಲಂಬೊ ಪಕ್ಷದವರು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಯಾಕೆಂದರೆ ಮರು ತಿಂಗಳು ಸ್ಯಾಂಡೌನ್‌ನ ಎಕ್ಲಿಪ್ಸ್ ಸ್ಟೇಕ್ಸ್‌ನಲ್ಲಿ ವಿಂಡ್ಸರ್ ಲ್ಯಾಡ್ ಕೂಡ ಹೀಗೇ ಕುದುರೆಗಳ ನಡುವೆ ಸಿಕ್ಕಿಬಿದ್ದು ಮೂರನೆಯದಾಯಿತು. ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯ ಎಂದರೆ ಆಗುವುದಿಲ್ಲ. ಆದರೆ ನಂತರದ ಓಟಗಳನ್ನು ನೋಡಿ. ಕೊಲಂಬೊ ಅದೇ ಜೂನಿನಲ್ಲಿ ಆಸ್ಕಟ್‌ನಲ್ಲಿ, ತನ್ನದೇ ದೂರವಾದ ಒಂದು ಮೈಲಿಯಲ್ಲೂ ಸೋತಿತು. ವಿಂಡ್ಸರ್ ಲ್ಯಾಡ್ ಎಕ್ಲಿಪ್ಸ್‌ನ ನಂತರ ಮತ್ತೆ ಸೋಲಲೇ ಇಲ್ಲ. ಸೆಪ್ಟೆಂಬರಿನಲ್ಲಿ ಸೆಂಟ್ ಲೆಜರ್, ಮರುವರ್ಷ ಕಾರೊನೇಷನ್ ಕಪ್, ಸೋತಿದ್ದ ಎಕ್ಲಿಪ್ಸ್ ಸ್ಟೇಕ್ಸ್ ಕೂಡ ಅದರ ಪಾಲಾದವು. ನನ್ನ ಮಟ್ಟಿಗೆ ಕೊಲಂಬೊಗೆ ದಾರಿ ಸಿಕ್ಕಿದ್ದರೆ ಎರಡನೆಯ ಸ್ಥಾನ ಸಿಗುತ್ತಿತ್ತು, ಡರ್ಬಿ ಸಿಗುತ್ತಿರಲಿಲ್ಲ.

ಸೆಂಟ್ ಲೆಜರ್ ಹೊತ್ತಿಗೆ ಕುದುರೆ ಮಹಾರಾಜರದಾಗಿ ಉಳಿದಿರಲಿಲ್ಲ. ಅದನ್ನು 50,000 ಪೌಂಡಿಗೆ ಕೊಂಡವರು ಮಾರ್ಟಿನ್ ಬೆನ್ಸನ್ ಎಂಬ ಬುಕ್ಕಿ. ಬೇರೆಯವರ ಅಭಿಪ್ರಾಯಗಳಿಗೆ ಬೆಲೆ ಕಟ್ಟಿಯೇ ಶ್ರೀಮಂತನಾದವನು ಕೊನೆಗೆ ತನ್ನ ಅಭಿಪ್ರಾಯಕ್ಕೆ ಬೆಲೆ ತೆತ್ತ. ಅದೂ ಸರಿಯಾಗಿತ್ತು.

ಈ ಕಥೆಯಲ್ಲಿ ಕಾಣದ ಇನ್ನೊಬ್ಬನಿದ್ದಾನೆ. 1934ರ ಇಂಗ್ಲೆಂಡಿನಲ್ಲಿ ಆರ್ಥಿಕ ಕುಸಿತದ ನೋವು ಇನ್ನೂ ಆರಿರಲಿಲ್ಲ. ಸಾಲದ ಖಾತೆಯಿದ್ದ ಶ್ರೀಮಂತ ಮನೆಯಲ್ಲೇ ಕೂತು ಬುಕ್ಕಿಯ ಬಳಿ ಬಾಜಿ ಕಟ್ಟಬಹುದಿತ್ತು, ಅದು ಕಾನೂನುಬದ್ಧ. ಒಂದು ಶಿಲ್ಲಿಂಗ್ ನಗದನ್ನು ಬೀದಿಯ ಮೂಲೆಯಲ್ಲಿ ಕೊಡುವ ಕಾರ್ಮಿಕನ ಬಾಜಿ 1906ರ ಕಾಯ್ದೆಯ ಪ್ರಕಾರ ಅಪರಾಧ. 1961ರಲ್ಲಿ ಬಾಜಿಯಂಗಡಿಗಳು ತೆರೆಯುವವರೆಗೂ ಇದೇ ಸ್ಥಿತಿ. ಇತ್ತ ರಾಜಪೀಪ್ಲಾದ ಪ್ರಜೆಗೆ, ತನ್ನ ರಾಜನ ವೈಭವ ಯಾವ ಕುದುರೆಯ ಮೇಲೆ ಓಡುತ್ತಿದೆ ಎಂಬ ಬಗ್ಗೆ ಅಭಿಪ್ರಾಯ ಹೇಳುವ ಪ್ರಶ್ನೆಯೇ ಇರಲಿಲ್ಲ. ಯಾರ ಊಹೆ ಜಾಣತನ, ಯಾರ ಊಹೆ ಜೂಜು ಎನ್ನುವುದನ್ನು ನಿರ್ಧರಿಸಿದ್ದು ಕುದುರೆಯಲ್ಲ, ಅಂತಸ್ತು.

1996ರಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ವಂಶ, ದೂರ, ನೆಲ, ಜಾಕಿ ಎಲ್ಲವನ್ನೂ ತೂಗಿ ನೋಡಬಲ್ಲವನಿಗೆ ಆ ಮಾತು ನಿಜವೇ. 1934ರಲ್ಲೂ ಚೆಸ್ಟರ್‌ನ ಫಲಿತಾಂಶವನ್ನು ಗಮನವಿಟ್ಟು ಓದಿದವನಿಗೆ ಸುಳಿವು ಸಿಕ್ಕಿರುತ್ತಿತ್ತು. ಆದರೂ ಅವನ ಕೈಯಲ್ಲಿದ್ದದ್ದು ಒಳ್ಳೆಯ ಕಾರಣ ಮಾತ್ರ, ಖಾತರಿಯಲ್ಲ. ಮುಂದಿನ ಡರ್ಬಿಗೆ ಯಾರಾದರೂ ನಿಮಗೆ ಸೋಲದ ಕುದುರೆಯ ಹೆಸರು ಹೇಳಿದರೆ, ಅದು ಎಷ್ಟು ಓಟ ಗೆದ್ದಿದೆ ಎಂದು ಕೇಳಬೇಡಿ. ಎಷ್ಟು ದೂರ ಓಡಿದೆ ಎಂದು ಕೇಳಿ.