ಕಪಾಟಿನ ಗಣಕಯಂತ್ರವೂ ಕಳೆದುಹೋದ ಹಾಜರಿ ಪುಸ್ತಕಗಳೂ

ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳು ಇಂದು ಇಲ್ಲ. ನಕಲು ಮಾಡಲೆಂದು ಸಾಂಗಲಿಯ ಹಳೆಯ ಪೇಟೆಯ ಮನೆಯೊಂದಕ್ಕೆ ಒಯ್ದಿದ್ದ ಅವು 2005ರ ಕೃಷ್ಣಾ ಪ್ರವಾಹದಲ್ಲಿ ತೋಯ್ದು ಮುದ್ದೆಯಾದವು. ಆದರೆ ಅದಕ್ಕೂ ಬಹು ಮೊದಲೇ ಅವುಗಳಲ್ಲಿನ ಹೆಸರುಗಳನ್ನು ಗಣಕಯಂತ್ರಕ್ಕೆ ಊಡಿಸಲಾಗಿತ್ತೆಂಬುದು ಹಿರಿಯ ಶಿಕ್ಷಕರಿಗೆ ನೆನಪಿತ್ತು. ಶತಮಾನೋತ್ಸವ ಸಂಪುಟದ ಸಿದ್ಧತೆ ಆರಂಭವಾದಾಗ ಕಪಾಟಿನ ತಳದಲ್ಲಿ ಐದೂಕಾಲು ಇಂಚಿನ ಒಂಬತ್ತು ಫ್ಲಾಪಿಗಳು ದೊರೆತವು. ಈಗಿನ ಯಾವ ಗಣಕಯಂತ್ರದಲ್ಲೂ ಅವನ್ನು ತೂರಿಸುವ ಕಿಂಡಿಯಿಲ್ಲ. ಓದಬೇಕಾದರೆ ಹಳೆಯ ಯಂತ್ರವನ್ನೇ ಎಬ್ಬಿಸಬೇಕಿತ್ತು.

ಶಾಲೆಗಳಿಗೆ ಗಣಕಯಂತ್ರ ಬಂದ ಕಥೆ ನಮ್ಮ ದೇಶದಲ್ಲಿ 1984ರ 'ಕ್ಲಾಸ್' ಯೋಜನೆಯಿಂದ ಮೊದಲಾಗುತ್ತದೆ. ಆಗ ಆಯ್ದ ಶಾಲೆಗಳಿಗೆ ಹಂಚಿದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ನಮ್ಮ ಪಾಲಿಗೆ ಬಂದದ್ದು ಅದಲ್ಲ. 1981ರಲ್ಲಿ ಐಬಿಎಂ ಹೊರತಂದ ಪಿಸಿಯ ವಂಶದ, ಬಿಡಿಭಾಗಗಳಿಂದ ಜೋಡಿಸಿದ ಪೆಟ್ಟಿಗೆ. 1919ರಿಂದ ವಿಲಿಂಗ್ಡನ್ ಕಾಲೇಜು, 1947ರಿಂದ ವಾಲಚಂದ ಇಂಜಿನಿಯರಿಂಗ್ ಕಾಲೇಜು ಇರುವ ವಿಶ್ರಾಮಬಾಗದಲ್ಲಿ ಇಂಥ ಯಂತ್ರಗಳನ್ನು ಬಲ್ಲವರು ದೊರೆಯುವುದು ಕಷ್ಟವಲ್ಲ. ಇಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ನಾಲ್ಕು ಭಾನುವಾರಗಳನ್ನು ನಮಗೆ ಕೊಟ್ಟರು.

ಭಾಗಗಳನ್ನು ಗುರುತಿಸುವುದೇ ಒಂದು ವಿದ್ಯೆ. ಮದರ್‌ಬೋರ್ಡಿನಲ್ಲಿ ಕಪ್ಪು ಬಣ್ಣದ ಉದ್ದನೆಯ ಐಎಸ್ಎ ಸೀಳುಗಳು ಮಾತ್ರ ಇದ್ದವು, ಬಿಳಿಯ ಪಿಸಿಐ ಒಂದೂ ಇರಲಿಲ್ಲ. ಆದ್ದರಿಂದ ಅದು ಪೆಂಟಿಯಂಗಿಂತ ಹಿಂದಿನದೆಂದು ಊಹಿಸಿದೆವು. ಧೂಳೊರೆಸಿದಾಗ ಚಿಪ್ಪಿನ ಮೇಲೆ 386ಡಿಎಕ್ಸ್ ಎಂಬ ಅಕ್ಷರಗಳು ಕಂಡವು. ಮೂಲೆಯಲ್ಲಿದ್ದ ಪೀಪಾಯಿ ಆಕಾರದ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರಾಗಿಸಿತ್ತು. ಸೋರಿದ್ದು ಕ್ಷಾರವಾದುದರಿಂದ ವಿನೆಗರ್ ಹಚ್ಚಿ ತೊಳೆಯಬೇಕಾಯಿತು. ವಿದ್ಯುತ್ ಪೆಟ್ಟಿಗೆಯಿಂದ ಬರುವ ಎರಡು ಜೋಡಣೆಗಳಲ್ಲಿ ಕಪ್ಪು ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕು. ತಿರುವುಮುರುವಾದರೆ ಬೋರ್ಡು ಸುಟ್ಟಂತೆಯೇ. ಅದನ್ನು ಮೂರು ಬಾರಿ ನೋಡಿದೆವು. ಆದರೂ ನನ್ನ ಆತುರ ಬೇರೆಡೆ ಕಾಣಿಸಿತು. ಮೂವತ್ತು ಕಾಲಿನ ನೆನಪಿನ ಪಟ್ಟಿಗಳನ್ನು ಎರಡೇ ಸಿಕ್ಕಿಸಿದ್ದೆ. ಯಂತ್ರ ಬೀಪ್ ಎಂದು ಒದರಿತೇ ಹೊರತು ಪರದೆ ಬೆಳಗಲಿಲ್ಲ. ಒಂದೊಂದು ಪಟ್ಟಿ ಎಂಟು ಬಿಟ್ ಮಾತ್ರ ಕೊಡುತ್ತದೆ, ಈ ಸಂಸ್ಕಾರಕ ಒಮ್ಮೆಗೆ ಮೂವತ್ತೆರಡನ್ನು ಕೇಳುತ್ತದೆ; ನಾಲ್ಕು ಪಟ್ಟಿ ಒಟ್ಟಿಗಿರದೆ ಅದು ಏಳದು. ಗಣಿತ ಕಲಿಸುವವನಿಗೆ ಇದು ಹೊಳೆಯಬೇಕಿತ್ತು.

ಬ್ಯಾಟರಿ ಸತ್ತಿದ್ದರಿಂದ ಹಾರ್ಡ್ ಡಿಸ್ಕಿನ ಅಳತೆಗಳನ್ನೂ ಯಂತ್ರ ಮರೆತಿತ್ತು. ಡಿಸ್ಕಿನ ಬೆನ್ನಿನ ಚೀಟಿಯಲ್ಲಿದ್ದ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಕೈಯಿಂದ ತುಂಬಿದ ಮೇಲೆ ಡಾಸ್ ಬಂದಿತು. ಫ್ಲಾಪಿಯೂ ತೆರೆದುಕೊಂಡಿತು. ಆದರೆ ಪರದೆಯ ಮೇಲೆ ಹೆಸರುಗಳ ಬದಲು ಗೆರೆಗಳೂ ಗ್ರೀಕ್ ಅಕ್ಷರಗಳೂ ಸಾಲುಗಟ್ಟಿದವು.

ಇಲ್ಲಿಯೇ ಕನ್ನಡದ ಗಣಕ ಇತಿಹಾಸ ನಮ್ಮ ಕಪಾಟಿಗೆ ಬಂದು ತಾಗುತ್ತದೆ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರ ಒಂದು ಕಾರ್ಡಿನ ರೂಪದಲ್ಲಿ ಡಾಸ್ ಯಂತ್ರಗಳಿಗೆ ಭಾರತೀಯ ಲಿಪಿಗಳನ್ನು ಕಲಿಸಿತು. ಅದರ ಅಡಿಪಾಯ ಇಸ್ಕಿ ಸಂಕೇತ. 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಅದು ಒಂದೇ ಸಂಕೇತ ಕೊಟ್ಟಿತು: ಕನ್ನಡದ 'ಕ' 179, ದೇವನಾಗರಿಯ 'ಕ' ಕೂಡ 179. ಲಿಪಿಯನ್ನು ಬದಲಿಸಿದರೆ ಅದೇ ಕಡತ ಬೇರೆ ಅಕ್ಷರಗಳಲ್ಲಿ ಕಾಣುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬಾಳುವ ನಮ್ಮಂಥವರಿಗೆ ಇದಕ್ಕಿಂತ ಒಪ್ಪುವ ಉಪಾಯ ಬೇರೆ ಇರಲಿಕ್ಕಿಲ್ಲ. ಆಗಿನ ಗುಮಾಸ್ತರು ವಿದ್ಯಾರ್ಥಿಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಸರ್ಕಾರಕ್ಕೆ ಕಳಿಸುವ ಪ್ರತಿಯನ್ನು ದೇವನಾಗರಿಯಲ್ಲಿ ಮುದ್ರಿಸುತ್ತಿದ್ದರಂತೆ. ಮುಂದೆ ಬರಹ, ನುಡಿ ಬಂದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ಬಂತು. ಯೂನಿಕೋಡಿನ ಕನ್ನಡ ಪಟ್ಟಿಯ ಅನುಕ್ರಮಕ್ಕೂ ಇಸ್ಕಿಯೇ ಮೂಲ.

ಕಾರ್ಡು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೇರೆಯೇ ಇಟ್ಟಿತ್ತು. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಸೀಳಿಗೆ ಒತ್ತಿದೆವು. ಮೂರನೆಯ ಪ್ರಯತ್ನದಲ್ಲಿ ಹೆಸರುಗಳು ಕನ್ನಡದಲ್ಲಿ ಎದ್ದು ನಿಂತವು. ಊರು, ತಂದೆಯ ಹೆಸರು, ಶಾಲೆ ಬಿಟ್ಟ ಕಾರಣ. ಕೆಲವರ ಮುಂದೆ 'ಕಬ್ಬಿನ ಕಟಾವಿಗೆ' ಎಂದಷ್ಟೇ ಇತ್ತು. ಕೋಣೆಯಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ತಡೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಬಳಿಕ ಕಡತಗಳನ್ನು ಮೂರೂವರೆ ಇಂಚಿನ ಫ್ಲಾಪಿಗೆ ದಾಟಿಸಿ, ಅಲ್ಲಿಂದ ಯೂನಿಕೋಡಿಗೆ ತಂದೆವು.

ಒಂಬತ್ತರಲ್ಲಿ ಏಳು ಓದಿದವು. ಎರಡಕ್ಕೆ ಬೂಷ್ಟು ಹಿಡಿದು ಕಾಂತಲೇಪವೇ ಕಿತ್ತು ಬಂದಿತ್ತು. ಈ ಸಂಪುಟದ ಕೊನೆಯಲ್ಲಿರುವ ಪಟ್ಟಿಯಲ್ಲಿ ಕೆಲವು ವರ್ಷಗಳ ಕೆಳಗೆ ಬರಿಯ ಗೆರೆ ಎಳೆದಿರುವುದು ಅದಕ್ಕಾಗಿ. ಆ ವರ್ಷಗಳ ಶಾಲಾ ದಾಖಲೆಯನ್ನೋ ಅಂಕಪತ್ರವನ್ನೋ ಟ್ರಂಕಿನಲ್ಲಿ ಇಟ್ಟುಕೊಂಡವರು ಅದರ ಪ್ರತಿಯೊಂದನ್ನು ಶಾಲೆಗೆ ತಲುಪಿಸಬೇಕೆಂದು ವಿನಂತಿ. ಯಂತ್ರ ಗ್ರಂಥಾಲಯದ ಕಿಟಕಿಯ ಬಳಿ ಇದೆ, ಇನ್ನೂ ಚಾಲೂ ಇದೆ.